ಎಲ್ಲರಿಗೂ ಮುಟ್ಟಿತೇ?

2023ರ ಬೇಸಿಗೆ. ಈಸ್ಟರ್ ಹಬ್ಬ ಮುಗಿದು ಕೆಲವು ವಾರಗಳಾಗಿದ್ದವು. ನಾನು ಆಗಲೂ ಈಗಲೂ ಹೊಸಪೇಟೆಯಿಂದ ಪಾಪಿನಾಯಕನಹಳ್ಳಿ, ತೋರಣಗಲ್ಲು ದಾಟಿ ಕುರೆಕುಪ್ಪದ ಕಡೆ ಓಡಾಡುವ ಸರ್ಕಾರಿ ಬಸ್ಸಿನ ಕಂಡಕ್ಟರ್. ಹೆಸರು ಎಸ್ತೇರ್. ನನ್ನ ದನಿ ದೊಡ್ಡದು, ಸಿಟ್ಟು ಅದಕ್ಕಿಂತ ದೊಡ್ಡದು ಎಂದು ನಮ್ಮ ಡ್ರೈವರ್‌ಗಳು ಹೇಳಿಕೊಂಡು ನಗುತ್ತಾರೆ. ನಗಲಿ. ಬಾಗಿಲಲ್ಲಿ ಜನ ಜೋತು ಬಿದ್ದಿರುವಾಗ ಮೆಲ್ಲಗೆ ಮಾತಾಡಿದರೆ ಯಾರು ಕೇಳುತ್ತಾರೆ? "ಮುಂದ ಸರೀರಿ, ಒಳಗ ಜಾಗ ಐತಿ" ಎಂದು ದಿನವಿಡೀ ಕೂಗುವುದೇ ನನ್ನ ಕೆಲಸ. ಅದೇ ಮಾತನ್ನು ಒಂದು ಭಾನುವಾರ ಪ್ರಾರ್ಥನಾ ಮಂದಿರದೊಳಗೆ ಕೂಗಿದೆ. ಅದಕ್ಕೆ ನಮ್ಮ ಸಭೆಯ ಕೆಲವರು ಇವತ್ತಿಗೂ ನನ್ನನ್ನು ಕ್ಷಮಿಸಿಲ್ಲ. ಕ್ಷಮಿಸಿ ಎಂದು ನಾನೂ ಕೇಳಿಲ್ಲ.

ನಮ್ಮ ಸಭೆ ಚಿಕ್ಕದು. ಕಾಲೊನಿಯ ತುದಿಯಲ್ಲಿ, ಬೇವಿನ ಮರದ ಪಕ್ಕ, ತಗಡು ಹೊದಿಸಿದ ಒಂದು ಉದ್ದನೆಯ ಕೋಣೆ. ಕ್ರಿಸ್‌ಮಸ್‌ಗೆಂದು ಸುಣ್ಣ ಬಳಿಯುತ್ತೇವೆ, ಯುಗಾದಿ ಹೊತ್ತಿಗೆ ಅದಿರಿನ ಧೂಳು ಕೂತು ಗೋಡೆ ಕೆಂಪಾಗಿರುತ್ತದೆ. ಪಾಸ್ಟರ್ ಬಳ್ಳಾರಿ ಕಡೆಯಿಂದ ತಿಂಗಳಿಗೊಮ್ಮೆ ಬರುತ್ತಾರೆ. ಉಳಿದ ವಾರಗಳಲ್ಲಿ ಸಭೆಯ ಹಿರಿಯರಾದ ಸಾಲೊಮೋನ್ ಮೇಷ್ಟ್ರದೇ ಆರಾಧನೆ, ಅವರದೇ ಪ್ರಸಂಗ, ಅವರದೇ ಕಾನೂನು.

ಪಾಸ್ಟರ್ ಬಂದ ಭಾನುವಾರ ಕರ್ತನ ಭೋಜನ ಇರುತ್ತದೆ. ಯೇಸುಸ್ವಾಮಿ ಕೊನೆಯ ಸಲ ಶಿಷ್ಯರ ಜೊತೆ ಊಟಕ್ಕೆ ಕೂತದ್ದರ ನೆನಪಿಗೆ ಎಲ್ಲರಿಗೂ ಒಂದು ಚೂರು ರೊಟ್ಟಿ, ಒಂದು ಗುಟುಕು ದ್ರಾಕ್ಷಿರಸ. ಹುಳಿ ಹಾಕದ ಆ ರೊಟ್ಟಿಯನ್ನು ಒಂದೊಂದು ತಿಂಗಳು ಒಂದೊಂದು ಮನೆಯವರು ಸರದಿಯಂತೆ ಮಾಡಿ ತರುತ್ತೇವೆ. ನಮ್ಮಲ್ಲಿ ಇನ್ನೊಂದು ಪದ್ಧತಿ ಇದೆ, ಬೇರೆ ಕಡೆ ನಾನು ನೋಡಿಲ್ಲ. ರೊಟ್ಟಿ ಕೈಗೆ ಬಂದ ಕೂಡಲೇ ಬಾಯಿಗೆ ಹಾಕಿಕೊಳ್ಳುವಂತಿಲ್ಲ. ಅಂಗೈಯಲ್ಲಿ ಹಿಡಿದುಕೊಂಡು ಕಾಯಬೇಕು. ಕೊಟ್ಟು ಮುಗಿದ ಮೇಲೆ ಪಾಸ್ಟರ್, "ಎಲ್ಲರಿಗೂ ಮುಟ್ಟಿತೇ?" ಎಂದು ಕೇಳುತ್ತಾರೆ. "ಮುಟ್ಟೇತ್ರಿ" ಎಂದು ಸಭೆಯೆಲ್ಲ ಹೇಳಿದ ಮೇಲೆ ಒಟ್ಟಿಗೆ ತಿನ್ನುವುದು. ಈ ಪದ್ಧತಿ ಹಾಕಿಕೊಟ್ಟವರು ಬೇರೆ ಯಾರೂ ಅಲ್ಲ, ಇದೇ ಸಾಲೊಮೋನ್ ಮೇಷ್ಟ್ರು.

ಅವರನ್ನು ಸುಮ್ಮನೆ ಕೆಟ್ಟವರು ಎಂದು ಬರೆದು ಮುಗಿಸಿದರೆ ನನ್ನ ಕೈ ಬಿದ್ದುಹೋದೀತು. ಆ ಮಂದಿರ ಕಟ್ಟುವಾಗ ತಲೆಯ ಮೇಲೆ ಕಲ್ಲು ಹೊತ್ತವರು ಅವರು. ನಮ್ಮಪ್ಪ ತೀರಿಕೊಂಡಾಗ, "ಹೆಣ್ಣುಹುಡುಗಿ ಓದಿ ಏನು ಮಾಡಬೇಕು" ಎಂದ ನಮ್ಮ ದೊಡ್ಡಪ್ಪನ ಬಾಯಿ ಮುಚ್ಚಿಸಿ ನನ್ನನ್ನು ಪಿಯುಸಿಗೆ ಸೇರಿಸಿದವರು ಅವರು. ಅವರಿಲ್ಲದಿದ್ದರೆ ಇವತ್ತು ನನ್ನ ಕೊರಳಲ್ಲಿ ಈ ಚೀಲವೂ ಇರುತ್ತಿರಲಿಲ್ಲ, ಬಾಯಲ್ಲಿ ಈ ದನಿಯೂ ಇರುತ್ತಿರಲಿಲ್ಲ. ಭಾನುವಾರದ ಮಕ್ಕಳ ತರಗತಿಯಲ್ಲಿ, ಕೆಟ್ಟದ್ದನ್ನು ನೋಡಿ ಕಲಿಯಬೇಡ, ಒಳ್ಳೆಯದನ್ನು ನೋಡಿ ಕಲಿ ಎಂಬ ಪಾಠವನ್ನು ಬೆಂಚಿನ ಮೇಲೆ ನಿಲ್ಲಿಸಿ ಕಲಿಸಿದವರೂ ಅವರೇ. ಆಮೇಲೆ ಏನಾಯಿತೋ. ಒಂದೇ ಕುರ್ಚಿಯಲ್ಲಿ ಬಹಳ ವರ್ಷ ಕೂತರೆ ಕುರ್ಚಿಯೂ ಮನುಷ್ಯನೂ ಅಂಟಿಕೊಂಡುಬಿಡುತ್ತಾರೆ ಎಂದು ಕಾಣುತ್ತದೆ.

ಸುಮನ್ ಮತ್ತು ಅಮಿತ್ ಜಾರ್ಖಂಡ್ ಕಡೆಯ ಗಂಡ ಹೆಂಡತಿ. ಅಮಿತ್‌ಗೆ ಉಕ್ಕಿನ ಕಾರ್ಖಾನೆಯಲ್ಲಿ ಕಾಂಟ್ರಾಕ್ಟ್ ಕೆಲಸ. ಕಾರ್ಮಿಕರ ತಗಡಿನ ಶೆಡ್ಡಿನಲ್ಲಿ ವಾಸ, ಮಡಿಲಲ್ಲಿ ಒಂದು ಹೆಣ್ಣು ಕೂಸು. ನನ್ನ ಬಸ್ಸಿನಲ್ಲಿ ಓಡಾಡುತ್ತ ಪರಿಚಯವಾದರು. ಒಂದು ದಿನ ಸುಮನ್ ಕೂಸಿಗೆ ಜೋಗುಳದಂತೆ ಏನೋ ಹಾಡುತ್ತಿದ್ದಳು. ಭಾಷೆ ತಿಳಿಯಲಿಲ್ಲ, ರಾಗ ನಮ್ಮ ಸಭೆಯದೇ. ಬಸ್ಸಿನಲ್ಲಿ ಕಲಿತ ಹರಕು ಹಿಂದಿಯಲ್ಲಿ ವಿಚಾರಿಸಿದೆ. ಅಜ್ಜನ ಕಾಲದಿಂದಲೂ ಕ್ರೈಸ್ತರು. ನಮ್ಮ ಸಭೆಗೆ ಬನ್ನಿ ಎಂದು ಕರೆದೆ.

ಬಂದರು. ಮೇಷ್ಟ್ರು ಅವರನ್ನು ಬೇವಿನ ಮರದ ಕೆಳಗೆ ಕೂರಿಸಿದರು. "ಸ್ವಲ್ಪ ದಿನ ನೋಡೂಣು, ಹೆಂಥ ಮಂದಿನೋ ಏನೋ" ಎಂದರು. ಸ್ವಲ್ಪ ದಿನ ಎಂದದ್ದು ಒಂದು ಬೇಸಿಗೆಯೇ ಆಯಿತು. ಒಳಗೆ ಫ್ಯಾನಿನ ಕೆಳಗೆ ನಾವು, ಹೊರಗೆ ಮರದ ಕಟ್ಟೆಯ ಮೇಲೆ ಅವರು. ಕಿಟಕಿಯಿಂದ ಕೇಳಿಸಿದಷ್ಟು ಪ್ರಸಂಗ ಕೇಳಿ ಹೋಗುತ್ತಿದ್ದರು. ನನಗೆ ಒಳಗೊಳಗೇ ಕುದಿಯುತ್ತಿತ್ತು, ಆದರೂ ಮೇಷ್ಟ್ರ ಮುಖ ನೋಡಿ ಸುಮ್ಮನಿದ್ದೆ.

ಒಂದು ದಿನ ಮಧ್ಯಾಹ್ನ ಗಾಳಿ ಮಳೆ ಎದ್ದಿತು. ಶೆಡ್ಡುಗಳ ತಗಡು ಹಾರಿ ಹೊಲದಲ್ಲಿ ಬಿದ್ದವು. ಡ್ಯೂಟಿ ಮುಗಿಸಿ ಬರುವಾಗ ನೋಡಿದರೆ ಸುಮನ್ ಒದ್ದೆ ಬಟ್ಟೆಯ ಗಂಟಿನ ಮೇಲೆ ಕೂಸನ್ನು ಎತ್ತಿಕೊಂಡು ರಸ್ತೆ ಬದಿ ಕೂತಿದ್ದಳು. ಕೂಸಿನ ಮೈ ಬೆಚ್ಚಗಿತ್ತು. ನಾನು ಯಾರನ್ನೂ ಕೇಳಲಿಲ್ಲ. ಅಮಿತ್ ಸೇರಿ ಮೂವರನ್ನೂ ಮನೆಗೆ ಕರೆದುಕೊಂಡು ಬಂದು ಪಡಸಾಲೆ ಬಿಟ್ಟುಕೊಟ್ಟೆ.

ಶುಕ್ರವಾರ ಸಂಜೆ ಮೇಷ್ಟ್ರು ಬಂದರು. ಒಳಗೆ ಬರಲಿಲ್ಲ, ಅಂಗಳದಲ್ಲೇ ನಿಂತರು.

"ಎಸ್ತೇರ್, ಆ ಮಂದಿನ್ನ ಕಳಿಸಿಬಿಡು."

"ಎಲ್ಲಿಗೆ ಕಳಿಸಲ್ರೀ ಮೇಷ್ಟ್ರ? ತಗಡು ಹಾರಿ ಹೋಗ್ಯಾವ. ಕೂಸಿಗೆ ಜ್ವರ ಬ್ಯಾರೆ."

"ಅದನ್ನ ಅವರ ಕಾಂಟ್ರಾಕ್ಟರ್ ನೋಡ್ಕಂತಾನ. ಗುರುತಿಲ್ಲದವರನ್ನ ಸಭೆಯವರು ಯಾರೂ ಮನ್ಯಾಗ ಇಟ್ಕಬಾರದು ಅಂತ ಹೇಳಿಲ್ಲ ನಾನು? ಹಾರ್ಮೋನಿಯಂ ಕಥಿ ಮರತ್ಯೇನು?"

ಹಾರ್ಮೋನಿಯಂ ಕಥೆ ಇಷ್ಟೇ. ಹಿಂದೊಮ್ಮೆ ಯಾರೋ ಬೋಧಕ ಎಂದು ಹೇಳಿಕೊಂಡು ಬಂದು, ಮೇಷ್ಟ್ರ ಮನೆಯಲ್ಲೇ ಉಂಡು ಮಲಗಿ, ಬೆಳಗಾಗುವಷ್ಟರಲ್ಲಿ ಸಭೆಯ ಹಾರ್ಮೋನಿಯಂ ಹೊತ್ತುಕೊಂಡು ಹೋಗಿದ್ದ. ಅವತ್ತಿನಿಂದ ಮೇಷ್ಟ್ರಿಗೆ ಹೊಸ ಮುಖ ಕಂಡರೆ ಆಗುವುದಿಲ್ಲ.

"ಹಾರ್ಮೋನಿಯಂ ಒಯ್ದಾಂವ ಚೊಲೋ ಕನ್ನಡ ಮಾತಾಡ್ತಿದ್ನಲ್ರೀ. ಹಂಗಂತ ಕನ್ನಡದವರನ್ನೆಲ್ಲ ಬೇವಿನ ಗಿಡದ ಕೆಳಗ ಕುಂದ್ರಿಸೀವೇನು?"

ಅವರ ಮುಖ ಕೆಂಪಾಯಿತು. "ಎದುರು ಮಾತಾಡಬ್ಯಾಡ. ಕಳಿಸದಿದ್ರ ಈ ಭಾನುವಾರ ನಿನಗ ಭೋಜನ ಇಲ್ಲ. ಸಭ್ಯಾಗ ಇರಬೇಕೋ ಬ್ಯಾಡೋ ಅಂತ ಆಮ್ಯಾಲ ನೋಡೂಣು."

"ಈ ಸಲ ರೊಟ್ಟಿ ಸರದಿ ನಂದ ಐತ್ರಿ."

"ರೊಟ್ಟಿ ಮಾಡಿ ಕೊಡು. ನೀನು ಹಿಂದ ಕುಂದ್ರು."

"ಒಳ್ಳೇದನ್ನ ನೋಡಿ ಕಲಿ ಅಂತ ನೀವ ಕಲಿಸೀರಿ ಮೇಷ್ಟ್ರ. ನಾನು ಯಾರನ್ನ ನೋಡಿ ಕಲೀಲಿ ಹೇಳ್ರಿ ಈಗ?"

ಅವರು ಛತ್ರಿ ಊರಿಕೊಂಡು ಹೊರಟುಹೋದರು. ಪಡಸಾಲೆಯಲ್ಲಿ ಸುಮನ್‌ಗೆ ಮಾತು ತಿಳಿಯದಿದ್ದರೂ ವಿಷಯ ತಿಳಿದಿತ್ತು. ಗಂಟು ಕಟ್ಟಲು ಶುರು ಮಾಡಿದ್ದಳು. ಅದನ್ನು ಕಿತ್ತುಕೊಂಡು ಅಟ್ಟದ ಮೇಲೆ ಎಸೆದೆ.

ನನ್ನ ಗಂಡ ಯಾಕೋಬ್ ವೆಲ್ಡರ್. ಮಾತು ಕಡಿಮೆ, ಆಡಿದರೆ ಕಿಡಿಯೇ. ಮಂದಿರಕ್ಕೆ ಹತ್ತಿರದ ಮನೆ ನಮ್ಮದೆಂದು ಬಾಗಿಲಿನ ಕೀಲಿ ನಮ್ಮಲ್ಲೇ ಮೊಳೆಗೆ ನೇತು ಹಾಕಿರುತ್ತದೆ. ಅವನು ಅದನ್ನು ತೆಗೆದು ನನ್ನ ಕೈಯಲ್ಲಿಟ್ಟ.

"ಮುಳ್ಳನ್ನ ಮುಳ್ಳಿಂದನ ತೆಗೀಬೇಕು. ಭಾನುವಾರ ಬಾಗಿಲ ತೆಗೀಬ್ಯಾಡ. ನಮ್ಮ ಅಂಗಳದಾಗ ಆರಾಧನೆ ಇಟ್ಕಳ್ಳೂಣು. ಅರ್ಧ ಮಂದಿ ನಮ್ಮ ಕಡೆ ಬರ್ತಾರ, ನೋಡ್ತಿರು. ಮೇಷ್ಟ್ರು ಬೇವಿನ ಗಿಡದ ಕೆಳಗ ಕುಂದ್ರಲಿ, ಹೆಂಗಿರ್ತೈತಿ ಅಂತ ಗೊತ್ತಾಗ್ಲಿ."

ಸುಳ್ಳು ಯಾಕೆ ಹೇಳಲಿ, ಆ ಮಾತು ನನಗೆ ಬೆಲ್ಲದಷ್ಟು ಸಿಹಿಯಾಗಿತ್ತು. ನಮ್ಮಲ್ಲಿ ಸಭೆಗಳು ಒಡೆಯುವುದೇ ಹೀಗೆ. ಒಬ್ಬರು ಬಾಗಿಲು ಹಾಕುತ್ತಾರೆ, ಇನ್ನೊಬ್ಬರು ಪಕ್ಕದಲ್ಲೇ ಶಾಮಿಯಾನ ಹಾಕುತ್ತಾರೆ. ಆಮೇಲೆ ಎರಡೂ ಕಡೆ ಮೈಕು, ಎರಡೂ ಕಡೆ ಒಂದೇ ಹಾಡು. ಯಾವ ಯಾವ ಮನೆಯವರು ನಮ್ಮ ಅಂಗಳಕ್ಕೆ ಬರಬಹುದು ಎಂದು ನಾನು ಮನಸ್ಸಿನಲ್ಲೇ ಲೆಕ್ಕ ಹಾಕಲು ಶುರು ಮಾಡಿಬಿಟ್ಟಿದ್ದೆ.

ನಮ್ಮತ್ತೆ ಮಾರ್ತಮ್ಮ ಮೂಲೆಯಲ್ಲಿ ಅಕ್ಕಿ ಆರಿಸುತ್ತ ಕೂತಿದ್ದರು. ಮೊರದಿಂದ ತಲೆ ಎತ್ತಲಿಲ್ಲ.

"ಮುಳ್ಳಿಂದ ಮುಳ್ಳು ತೆಗೆದ ಮ್ಯಾಲ ಕೈಯಾಗ ಎರಡು ಮುಳ್ಳು ಇರ್ತಾವ ನೋಡಪಾ" ಎಂದರು ಮಗನಿಗೆ. ಆಮೇಲೆ ನನ್ನ ಕಡೆ ತಿರುಗಿದರು. "ಎಸ್ತೇರಿ, ಅವರು ಬಾಗಿಲ ಹಾಕಿದ್ರು ಅಂತ ನೀನೂ ಬಾಗಿಲ ಹಾಕಿದ್ರ, ಇಷ್ಟು ವರ್ಷದಾಗ ಅವರ ಕಡೆಯಿಂದ ನೀ ಕಲ್ತದ್ದು ಇದೊಂದ ಆತು. ಸಿಟ್ಟು ಮಾಡ್ಕ, ಬ್ಯಾಡ ಅನ್ನಂಗಿಲ್ಲ. ಆದ್ರ ಸಿಟ್ಟು ಯಾರ ಮ್ಯಾಲೋ ಅವರ ಶಿಷ್ಯಾ ಆಗಬ್ಯಾಡ."

"ಹಂಗಾರ ಸುಮ್ನ ಹಿಂದ ಕುಂದ್ರಲೇನತ್ತಿ?"

"ಯಾರು ಅಂದ್ರು? ಬಾಗಿಲ ತೆಗಿ. ರೊಟ್ಟಿ ಮಾಡು. ಮನಿಗೆ ಬಂದವರನ್ನ ಕರಕಂಡು ಬಾ. ಮುಂದ ಕುಂದ್ರು."

ಶನಿವಾರ ರೊಟ್ಟಿಯ ಹಿಟ್ಟನ್ನು ಸುಮನ್‌ಳೇ ನಾದಿದಳು. ಬೇಡ ಎಂದರೂ ಕೇಳಲಿಲ್ಲ. ನಾನು ಲಟ್ಟಿಸಿ ಬೇಯಿಸಿದೆ. ಅತ್ತೆ ಕರಿ ದ್ರಾಕ್ಷಿ ಕುದಿಸಿ ಸೋಸಿದರು.

ಭಾನುವಾರ ಎಲ್ಲರಿಗಿಂತ ಮುಂಚೆ ಹೋಗಿ ಬಾಗಿಲು ತೆಗೆದೆ, ಕಸ ಗುಡಿಸಿದೆ, ಜಮಖಾನ ಹಾಸಿದೆ, ರೊಟ್ಟಿಯನ್ನು ಬಿಳಿ ಬಟ್ಟೆ ಮುಚ್ಚಿ ಮೇಜಿನ ಮೇಲಿಟ್ಟೆ. ಸುಮನ್ ಮತ್ತು ಅಮಿತ್ ರೂಢಿಯಂತೆ ಬೇವಿನ ಕಟ್ಟೆಗೆ ಹೋಗಿ ಕೂತರು. ಎಷ್ಟು ಕರೆದರೂ ಒಳಗೆ ಬರಲಿಲ್ಲ. ಪಾಸ್ಟರ್ ಬೈಕಿನಲ್ಲಿ ಬಂದಿಳಿದರು. ಇನ್ನೂ ಎಳೆ ವಯಸ್ಸಿನವರು, ಹಾವೂ ಸಾಯಬಾರದು ಕೋಲೂ ಮುರಿಯಬಾರದು ಎನ್ನುವ ಸ್ವಭಾವ. ಮೇಷ್ಟ್ರು ಅವರನ್ನು ಪಕ್ಕಕ್ಕೆ ಕರೆದು ಕಿವಿಯಲ್ಲಿ ಏನೋ ಹೇಳಿದರು. ಪಾಸ್ಟರ್ ಬೆವರು ಒರೆಸಿಕೊಂಡರು.

ಹಾಡು, ಪ್ರಸಂಗ ಮುಗಿಯಿತು. ಭೋಜನಕ್ಕೆ ಮುಂಚೆ ಮೇಷ್ಟ್ರು ಎದ್ದು ನಿಂತು, "ಸಭೆಯ ಕ್ರಮ ಮೀರಿದ್ದಕ್ಕ ಎಸ್ತೇರಮ್ಮಗ ಇವತ್ತು ಭೋಜನ ಇರೂದಿಲ್ಲ" ಎಂದು ಹೇಳಿ ಕೂತರು. ಎಸ್ತೇರಮ್ಮ ಎಂದು ಅವರು ನನ್ನನ್ನು ಕರೆದದ್ದು ಅದೇ ಮೊದಲು. ಅಲ್ಲಿಯವರೆಗೆ ನಾನು ಅವರಿಗೆ ಬರೀ ಎಸ್ತೇರ್. ಆ ಮರ್ಯಾದೆ ಮೈಗೆ ಚುಚ್ಚಿತು.

ನಾನು ಎದ್ದು ನಿಂತೆ. ಬಾಗಿಲ ಕಡೆ ತಿರುಗಿ, "ಸುಮನ್, ಅಮಿತ್, ಅಂದರ್ ಆವೋ!" ಎಂದು ಕೂಗಿದೆ. ಆಮೇಲೆ ಜಮಖಾನದ ಮೇಲೆ ಕೂತವರ ಕಡೆ ತಿರುಗಿ ಬಸ್ಸಿನಲ್ಲಿ ಹೇಗೋ ಹಾಗೆಯೇ, "ಮುಂದ ಸರೀರಿ, ಒಳಗ ಜಾಗ ಐತಿ!" ಎಂದೆ.

ನಮ್ಮ ಸಭೆಯ ಅರ್ಧಕ್ಕರ್ಧ ಜನ ದಿನಾ ನನ್ನ ಬಸ್ಸಿನಲ್ಲೇ ಓಡಾಡುವವರು. ಆ ಕೂಗಿಗೆ ಅವರ ಮೈ ಒಗ್ಗಿಬಿಟ್ಟಿದೆ. ಯೋಚನೆ ಮಾಡುವ ಮೊದಲೇ ಸಾಲಿಗೆ ಸಾಲು ಮುಂದಕ್ಕೆ ಜರುಗಿತು. ಹಿಂದೆ ಜಾಗವಾಯಿತು. ಸುಮನ್ ಕೂಸನ್ನು ಎತ್ತಿಕೊಂಡು, ಅಮಿತ್ ತಲೆ ತಗ್ಗಿಸಿಕೊಂಡು ಒಳಗೆ ಬಂದು ಕೂತರು. ಸರಿದ ಮೇಲೆ ಕೆಲವರಿಗೆ ತಾವು ಏನು ಮಾಡಿದೆವು ಎಂದು ಗೊತ್ತಾಗಿ ಮುಖ ಮುಖ ನೋಡಿಕೊಂಡರು. ಯಾರೋ ಕಿಸಕ್ಕೆಂದು ನಕ್ಕರು.

ಮೇಷ್ಟ್ರು ನಗಲಿಲ್ಲ. ಪಾಸ್ಟರ್ ರೊಟ್ಟಿ ಮುರಿದು ತಟ್ಟೆ ಹಿಡಿದು ಹೊರಟಾಗ ಪಕ್ಕದಲ್ಲೇ ನಡೆದರು. ನನ್ನ ಮುಂದೆ ಬಂದಾಗ ತಟ್ಟೆಯ ಮೇಲೆ ಅಂಗೈ ಅಡ್ಡ ಹಿಡಿದರು. ಪಾಸ್ಟರ್ ನನ್ನ ಮುಖ ನೋಡದೆ ಮುಂದೆ ಹೋದರು. ಸುಮನ್ ಮುಂದೆಯೂ ಹಾಗೆಯೇ, ಅಮಿತ್ ಮುಂದೆಯೂ ಹಾಗೆಯೇ. ತನ್ನ ಕೈಯಾರೆ ನಾದಿದ ರೊಟ್ಟಿ ತನ್ನನ್ನು ದಾಟಿ ಹೋಗುವುದನ್ನು ಸುಮನ್ ಕಣ್ಣರಳಿಸಿ ನೋಡಿದಳು. ನನಗೆ ಅಳು ಬಂತು. ಅತ್ತರೆ ಸೋತಂತೆ ಎಂದು ಹಲ್ಲು ಕಚ್ಚಿ ಹಿಡಿದೆ.

ಪಾಸ್ಟರ್ ಮೇಜಿನ ಹತ್ತಿರ ಹೋಗಿ ನಿಂತು ಕೇಳಿದರು. "ಎಲ್ಲರಿಗೂ ಮುಟ್ಟಿತೇ?"

ಎಲ್ಲರೂ ತಮ್ಮ ಅಂಗೈಯ ಚೂರನ್ನೇ ನೋಡುತ್ತ ಕೂತರು. ಫ್ಯಾನಿನ ಕಿರಗುಟ್ಟುವ ಸದ್ದು, ದೂರದಲ್ಲಿ ಅದಿರಿನ ಲಾರಿಯ ಸದ್ದು. ಅವರು ಇನ್ನೊಮ್ಮೆ ಕೇಳಿದರು.

"ಇಲ್ರೀ ಪಾಸ್ಟರ್" ಎಂದರು ನಮ್ಮತ್ತೆ. ಮಂಡಿ ನೋವಿನವರು, ಎದ್ದು ನಿಲ್ಲಲಿಲ್ಲ. ಕೂತಲ್ಲೇ ಅಂಗೈ ಚಾಚಿ ತೋರಿಸಿದರು. "ನನ್ನ ಚೂರು ಇಲ್ಲೇ ಐತಿ ನೋಡ್ರಿ. ನಮ್ಮ ಸೊಸೆಗ ಮುಟ್ಟಿಲ್ಲ. ಮನಿಗೆ ಬಂದವರಿಗೆ ಮುಟ್ಟಿಲ್ಲ. ಮುಟ್ಟೇತಿ ಅಂತ ದೇವರ ಮುಂದ ಹೆಂಗ ಸುಳ್ಳು ಹೇಳ್ಲಿ?"

"ಇಲ್ರೀ" ಎಂದಳು ಪಕ್ಕದಲ್ಲಿದ್ದ ಟೈಲರ್ ರತ್ನಮ್ಮ. "ಮುಟ್ಟಿಲ್ರೀ" ಎಂದು ಗಂಡಸರ ಕಡೆಯಿಂದ ಯಾರೋ ಹೇಳಿದರು. ಆಮೇಲೆ ಒಬ್ಬೊಬ್ಬರಾಗಿ ಹೇಳುತ್ತಲೇ ಹೋದರು.

ಪಾಸ್ಟರ್ ಮತ್ತೆ ತಟ್ಟೆ ಎತ್ತಿಕೊಂಡು ಒಬ್ಬರೇ ನಡೆದು ಬಂದರು. ಸುಮನ್‌ಗೆ ಕೊಟ್ಟರು, ಅಮಿತ್‌ಗೆ ಕೊಟ್ಟರು, ಕೊನೆಗೆ ನನಗೆ. ಅವರ ಬೆರಳು ತಣ್ಣಗಾಗಿದ್ದವು.

ಆಗ ಮೇಷ್ಟ್ರು ತಮ್ಮ ಚೂರನ್ನು ಮೇಜಿನ ಮೇಲಿಟ್ಟು ಹೊರಗೆ ನಡೆದುಬಿಟ್ಟರು.

ಅವರು ದೂರ ಹೋಗಲಿಲ್ಲ. ಕಿಟಕಿಯಿಂದ ಕಾಣುತ್ತಿತ್ತು, ಬೇವಿನ ಕಟ್ಟೆಯ ಮೇಲೆ ನಮಗೆ ಬೆನ್ನು ಹಾಕಿ ಕೂತರು. ಅಷ್ಟು ದಿನ ಸುಮನ್ ಕೂತಿದ್ದ ಜಾಗವೇ ಅದು. ಯಾಕೋಬ್ ಬೇಕೆಂದದ್ದು ಯಾರೂ ಕೀಲಿ ಹಾಕದೆಯೇ ಆಗಿಹೋಗಿತ್ತು.

"ಎಲ್ಲರಿಗೂ ಮುಟ್ಟಿತೇ?" ಎಂದು ಪಾಸ್ಟರ್ ಕೇಳಿದರು. ಈ ಸಲ ದನಿಯಲ್ಲಿ ಸ್ವಲ್ಪ ನಿರಾಳ ಇತ್ತು.

ಎಲ್ಲರೂ ನನ್ನ ಕಡೆ ನೋಡಿದರು. ಯಾಕೋಬ್ ಗಂಡಸರ ಸಾಲಿನಿಂದ, ಹೇಳು ಎನ್ನುವಂತೆ ಕಣ್ಣು ಮಾಡಿದ. ನಾನು "ಮುಟ್ಟೇತ್ರಿ" ಎಂದಿದ್ದರೆ ಸಾಕಿತ್ತು, ಸಭೆಯೆಲ್ಲ ಹೇಳುತ್ತಿತ್ತು. ಆ ಮಾತು ನಾಲಿಗೆಯ ತುದಿಗೆ ಬಂದೂ ಇತ್ತು. ಎದ್ದು ಹೋದವರು ಅವರೇ ತಾನೇ? ಯಾರೂ ದಬ್ಬಿರಲಿಲ್ಲವಲ್ಲ? ಆದರೆ ಕಿಟಕಿಯಲ್ಲಿ ಆ ಬಿಳಿ ಶರ್ಟಿನ ಬೆನ್ನು ಕಾಣುತ್ತಿತ್ತು. ಈಗ ನಾನು ಮುಟ್ಟಿತು ಎಂದರೆ ತಟ್ಟೆಯ ಮೇಲೆ ಅಡ್ಡ ಹಿಡಿದ ಆ ಕೈ ನನ್ನದೂ ಆಗುತ್ತದೆ ಅನ್ನಿಸಿತು.

"ಇಲ್ರೀ ಪಾಸ್ಟರ್" ಎಂದೆ. "ಮೇಷ್ಟ್ರಿಗೆ ಮುಟ್ಟಿಲ್ಲ."

"ಅವರಾಗೇ ಎದ್ದು ಹೋಗ್ಯಾರಲ್ಲವ್ವಾ" ಎಂದರು ಹಿಂದಿನಿಂದ ಯಾರೋ.

"ನಡುವ ಇಳದವರು ಊರು ಮುಟ್ಟಿದಂಗ ಆಗೂದಿಲ್ರೀ. ಕಾಯೂಣು."

ಇದನ್ನು ದೊಡ್ಡ ಗುಣ ಎಂದು ದಯವಿಟ್ಟು ತಿಳಿಯಬೇಡಿ. ನನಗೆ ಆ ಹೊತ್ತಿನಲ್ಲಿ ಅವರ ಮೇಲೆ ಒಂದು ಚೂರೂ ಪ್ರೀತಿ ಇರಲಿಲ್ಲ. ಇದ್ದದ್ದು ಹಠ. ನೀವು ಏನೇ ಮಾಡಿ, ನನ್ನನ್ನು ನಿಮ್ಮ ಹಾಗೆ ಮಾಡಲು ನಿಮ್ಮಿಂದ ಆಗುವುದಿಲ್ಲ ಎಂಬ ಹಠ. ಬಾಗಿಲಿಗೆ ಹೋಗಿ ನಿಂತು ಗಂಟಲು ಬಿರಿಯುವಂತೆ ಕೂಗಿದೆ.

"ಮೇಷ್ಟ್ರ, ಬರ್ರಿ! ಒಳಗ ಜಾಗ ಐತಿ!"

ಅವರು ತಿರುಗಲಿಲ್ಲ. ನಾವು ಕಾದೆವು. ಯಾರೋ ಮೆಲ್ಲಗೆ ಹಾಡು ಎತ್ತಿಕೊಂಡರು. ಆ ರಾಗ ಸುಮನ್‌ಗೂ ಗೊತ್ತಿತ್ತು, ಅವಳು ತನ್ನ ಭಾಷೆಯಲ್ಲಿ ಸೇರಿಸಿದಳು. ಬೆವರಿದ ಅಂಗೈಯಲ್ಲಿ ರೊಟ್ಟಿ ಮೆತ್ತಗಾಗುತ್ತ ಹೋಯಿತು. ಕೂಸು ಅತ್ತು ನಿದ್ದೆ ಹೋಯಿತು. ಒಬ್ಬರೂ ತಿನ್ನಲಿಲ್ಲ, ಒಬ್ಬರೂ ಎದ್ದು ಹೋಗಲಿಲ್ಲ.

ಕೊನೆಗೆ ಪಾಸ್ಟರ್ ತಟ್ಟೆ ಎತ್ತಿಕೊಂಡು ಬರಿಗಾಲಲ್ಲೇ ಹೊರಗೆ ಹೋದರು. ಬಿಸಿಲಿಗೆ ಕಾದ ನೆಲದ ಮೇಲೆ ಕಾಲು ಎತ್ತಿ ಎತ್ತಿ ಇಡುತ್ತ ಕಟ್ಟೆಯ ಮುಂದೆ ಹೋಗಿ ನಿಂತರು. ಅವರಿಬ್ಬರ ನಡುವೆ ಏನು ಮಾತಾಯಿತೋ ನಮಗೆ ಕೇಳಿಸಲಿಲ್ಲ. ಮಾತಾಯಿತೋ ಇಲ್ಲವೋ ಅದೂ ಗೊತ್ತಿಲ್ಲ. ಬಹಳ ಹೊತ್ತಿನ ಮೇಲೆ ಮೇಷ್ಟ್ರ ಕೈ ಮುಂದೆ ಬಂದದ್ದು ಕಂಡಿತು. ಪಾಸ್ಟರ್ ಅಲ್ಲಿಂದಲೇ ಮಂದಿರದ ಕಡೆ ತಿರುಗಿ ಗಟ್ಟಿಯಾಗಿ ಕೇಳಿದರು.

"ಎಲ್ಲರಿಗೂ ಮುಟ್ಟಿತೇ?"

ಮೊದಲ ಉತ್ತರ ಬಂದದ್ದು ಒಳಗಿನಿಂದ ಅಲ್ಲ. ಬೇವಿನ ಮರದ ಕೆಳಗಿನಿಂದ, ಹಾಜರಿ ಕರೆದು ಕರೆದು ಒಡೆದ ಆ ಹಳೆಯ ದನಿ, "ಮುಟ್ಟೇತಿ" ಎಂದಿತು.

ಆಮೇಲೆ ನಾವೂ ಹೇಳಿದೆವು. ತಿಂದೆವು.

ಮೇಷ್ಟ್ರು ಬದಲಾದರು ಎಂದು ಬರೆದರೆ ಓದುವವರಿಗೆ ಖುಷಿಯಾದೀತು, ಆದರೆ ಅದು ಸುಳ್ಳು. ಇವತ್ತಿಗೂ ಹೊಸಬರು ಬಂದರೆ ಅವರ ಹುಬ್ಬು ಗಂಟಾಗುತ್ತದೆ. ಅವರ ಹುಬ್ಬು ಗಂಟಾದಾಗಲೆಲ್ಲ ನಾನು ಎದ್ದು, "ಮುಂದ ಸರೀರಿ" ಎನ್ನುತ್ತೇನೆ. ಹೆಂಗಸು ಸಭೆಯಲ್ಲಿ ಹೀಗೆ ಕೂಗಬಾರದು ಎಂದು ಹೇಳುವವರಿದ್ದಾರೆ. ಹೇಳಲಿ, ನಾನು ಕೂಗುತ್ತೇನೆ. ಶೆಡ್ಡಿಗೆ ಹೊಸ ತಗಡು ಬಂದ ಮೇಲೆ ಸುಮನ್ ಅವರು ಅಲ್ಲಿಗೆ ಹೋದರು. ಈಗ ರೊಟ್ಟಿಯ ಸರದಿಯಲ್ಲಿ ಅವರ ಮನೆಯೂ ಒಂದು. ಆ ಶೆಡ್ಡಿನ ಒಲೆಯ ಮೇಲೆ ಬೆಂದ ರೊಟ್ಟಿಯನ್ನು ಮೇಷ್ಟ್ರೂ ತಿನ್ನುತ್ತಾರೆ.

ನನ್ನ ಜೊತೆ ಮಾತ್ರ ಅವರು ಸರಿಯಾಗಿ ಮಾತಾಡುವುದಿಲ್ಲ. ಕಣ್ಣು ತೋರಿಸಲು ಆಗಾಗ ಹೊಸಪೇಟೆಯ ಆಸ್ಪತ್ರೆಗೆ ಹೋಗುವಾಗ ನನ್ನ ಬಸ್ಸನ್ನೇ ಹತ್ತುತ್ತಾರೆ, ಬೇರೆ ಬಸ್ಸುಗಳಿದ್ದರೂ. ಮುಖ ನೋಡುವುದಿಲ್ಲ. ಛತ್ರಿ ಊರಿಕೊಂಡು, ಕಂಬಿ ತಡವಿಕೊಂಡು ನಿಧಾನಕ್ಕೆ ಒಳಗೆ ಹೋಗುತ್ತಾರೆ. ಡ್ರೈವರ್ ಕನ್ನಡಿಯಲ್ಲಿ ನೋಡುತ್ತಾನೆ. ಹಿಂದಿನಿಂದ ಜನ, "ಬಿಡವ್ವಾ ಜಲ್ದಿ, ಹೊತ್ತಾತು" ಎಂದು ಒದರುತ್ತಾರೆ. ಒದರಲಿ. ಸೀಟಿ ನನ್ನ ಕೈಯಲ್ಲಿದೆ.

"ಕುಂತ್ರೇನ್ರೀ ಮೇಷ್ಟ್ರ?" ಎಂದು ಕೇಳುತ್ತೇನೆ.

ಅವರು 'ಹೂಂ' ಎನ್ನುವವರೆಗೆ ಊದುವುದಿಲ್ಲ.